ಲಿನಕ್ಸ್‌ಗೆ ಯಾವ ವೆಬ್‌ಕ್ಯಾಮ್? ಅಂಗಡಿಗೆ ಹೋಗುವ ಮುನ್ನ ಒಂದು ಹೋಲಿಕೆ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಾಗಲಿ, ಧಾರವಾಡದ ಸುಭಾಷ್ ರಸ್ತೆಯಲ್ಲಾಗಲಿ ಅಂಗಡಿಯಲ್ಲಿ ನಿಂತು ‘ಈ ಕ್ಯಾಮೆರಾ ಲಿನಕ್ಸ್‌ಗೆ ಆಗುತ್ತದೆಯೇ’ ಎಂದು ಕೇಳಿದರೆ ಸಿಗುವ ಉತ್ತರ ಎರಡೇ. ಒಂದು, ‘ಪ್ಲಗ್ ಆ್ಯಂಡ್ ಪ್ಲೇ ಐತ್ರೀ ಸರ್, ಯಾವುದಕ್ಕ ಹಚ್ಚಿದ್ರೂ ನಡೀತೈತಿ.’ ಇನ್ನೊಂದು, ಡಬ್ಬಿ ತಿರುವಿ ನೋಡಿ, ‘ಇದರಾಗ ವಿಂಡೋಸ್, ಮ್ಯಾಕ್ ಅಷ್ಟ ಬರದಾರ್ರೀ.’ ಮೊದಲನೆಯದನ್ನು ನಂಬಿ ಕೊಳ್ಳಬೇಡಿ, ಎರಡನೆಯದನ್ನು ನಂಬಿ ಬಿಡಬೇಡಿ. ಡಬ್ಬಿಯ ಮೇಲೆ ಲಿನಕ್ಸ್ ಎಂದು ಬರೆದಿರುವುದು ಅಪರೂಪ. ಬರೆಯದಿದ್ದರೂ ಹೆಚ್ಚಿನ ಯುಎಸ್‌ಬಿ ಕ್ಯಾಮೆರಾಗಳು ನಡೆಯುತ್ತವೆ.

ಕಾರಣ ಯುವಿಸಿ, ಅಂದರೆ ಯುಎಸ್‌ಬಿ ವಿಡಿಯೋ ಕ್ಲಾಸ್ ಎಂಬ ಮಾನದಂಡ. ಕ್ಯಾಮೆರಾ ಕಂಪ್ಯೂಟರಿನ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ಇದು ಗೊತ್ತುಮಾಡಿಟ್ಟಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇದಕ್ಕೆ ಯುವಿಸಿವಿಡಿಯೋ ಎಂಬ ಡ್ರೈವರ್ 2008ರಿಂದ, 2.6.26ನೇ ಆವೃತ್ತಿಯಿಂದಲೇ ಇದೆ. ಹೀಗಾಗಿ ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಹೀಗೆ ಲಿನಕ್ಸ್‌ನ ಯಾವುದೇ ಬಗೆ ಇರಲಿ, ಯುವಿಸಿ ಕ್ಯಾಮೆರಾ ಚುಚ್ಚಿದ ಕೂಡಲೇ ಚಿತ್ರ ಬರುತ್ತದೆ. ಸಿಡಿ ಬೇಡ, ಡೌನ್‌ಲೋಡ್ ಬೇಡ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ನಡೆಯುತ್ತದೆಯೇ’ ಎಂಬುದಲ್ಲ. ಡಬ್ಬಿಯಲ್ಲಿ ಬರೆದ ವೇಗ, ಸ್ಪಷ್ಟತೆ ಲಿನಕ್ಸ್‌ನಲ್ಲೂ ಸಿಗುತ್ತದೆಯೇ? ಕಂಪನಿಯ ವಿಂಡೋಸ್ ಆ್ಯಪ್ ಇಲ್ಲದೆ ಫೋಕಸ್, ಬೆಳಕು, ಬಣ್ಣ ತಿದ್ದಲು ಬರುತ್ತದೆಯೇ? ನೋಡಬೇಕಾದದ್ದು ಈ ಎರಡನ್ನು.

ಎಂಜೆಪಿಇಜಿ ಇಲ್ಲದಿದ್ದರೆ ಬೇಡವೇ ಬೇಡ

ಚಿತ್ರವನ್ನು ಕ್ಯಾಮೆರಾ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕಳಿಸುತ್ತದೆ. ವೈಯುವೈವಿ ಎಂದರೆ ಕುಗ್ಗಿಸದ ಹಸಿ ಚಿತ್ರ. ಎಂಜೆಪಿಇಜಿ ಎಂದರೆ ಪ್ರತಿ ಫ್ರೇಮನ್ನೂ (ವಿಡಿಯೋದ ಒಂದೊಂದು ಬಿಡಿ ಚಿತ್ರವನ್ನೂ) ಜೆಪಿಇಜಿ ಫೋಟೋದಂತೆ ಕುಗ್ಗಿಸಿ ಕಳಿಸಿದ್ದು. ಇದರ ಲೆಕ್ಕ ಒಮ್ಮೆ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ‘1080ಪಿ ಅಂದಿದ್ದರು, ಚಿತ್ರ ತಡೆದು ತಡೆದು ಬರ್ತದ’ ಎಂಬ ದೂರಿನ ಮೂಲ ಬಹುಪಾಲು ಇಲ್ಲೇ ಇರುತ್ತದೆ.

ವೈಯುವೈವಿಯಲ್ಲಿ ಒಂದು ಪಿಕ್ಸೆಲ್‌ಗೆ 2 ಬೈಟ್. 640×480 ಅಳತೆಯ ಒಂದು ಫ್ರೇಮ್ 6,14,400 ಬೈಟ್ ಆಯಿತು. ಸೆಕೆಂಡಿಗೆ 30 ಫ್ರೇಮ್ ಎಂದರೆ 18.4 ಎಂಬಿ. ಯುಎಸ್‌ಬಿ 2.0ರ ವೇಗ 480 ಮೆಗಾಬಿಟ್ ಎನ್ನುತ್ತಾರಾದರೂ ವೆಬ್‌ಕ್ಯಾಮ್‌ಗಳು ಬಳಸುವ ಐಸೋಕ್ರೋನಸ್ ದಾರಿಯಲ್ಲಿ (ತಡೆಯಿಲ್ಲದೆ ಹರಿಯಲೆಂದು ಕಾದಿರಿಸಿದ ದಾರಿ) ಒಂದು ಸಾಧನಕ್ಕೆ ಸಿಗುವುದು ಸೆಕೆಂಡಿಗೆ ಹೆಚ್ಚೆಂದರೆ 24.5 ಎಂಬಿ. ಹಾಗಾಗಿ ಈ ಅಳತೆ, ಅಂದರೆ 480ಪಿ, ಆರಾಮಾಗಿ ಹಿಡಿಸುತ್ತದೆ. 720ಪಿಯ (1280×720) ಒಂದು ಫ್ರೇಮ್ 18 ಲಕ್ಷ ಬೈಟ್ ದಾಟುವುದರಿಂದ 30 ಫ್ರೇಮ್‌ಗೆ 55 ಎಂಬಿ ಬೇಕು. ಅದು ಹಿಡಿಸುವುದಿಲ್ಲ, ಕ್ಯಾಮೆರಾ 10 ಫ್ರೇಮ್‌ಗೆ ಇಳಿಯುತ್ತದೆ. 1080ಪಿಗೆ (1920×1080) ಬಂದರೆ 5 ಫ್ರೇಮ್ ಅಷ್ಟೇ. ಇದು ಲಿನಕ್ಸ್‌ನ ದೋಷವಲ್ಲ, ತಂತಿಯ ಮಿತಿ. ಎಂಜೆಪಿಇಜಿ ಇರುವ ಕ್ಯಾಮೆರಾ ಅದೇ ತಂತಿಯಲ್ಲಿ 1080ಪಿಯನ್ನು 30 ಫ್ರೇಮ್‌ಗೆ ಕಳಿಸುತ್ತದೆ.

ಕ್ಯಾಮೆರಾದಲ್ಲಿ ಎಂಜೆಪಿಇಜಿ ಇದ್ದರೂ ಪ್ರೋಗ್ರಾಮು ವೈಯುವೈವಿಯನ್ನೇ ಹಿಡಿದು ಕೂತಿರಬಹುದು. ಓಬಿಎಸ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಮು ಬಳಸುವವರು ಕ್ಯಾಮೆರಾ ಸೋರ್ಸ್‌ನ ಪ್ರಾಪರ್ಟೀಸ್ ತೆರೆದು ವಿಡಿಯೋ ಫಾರ್ಮ್ಯಾಟ್ ಎಂಬಲ್ಲಿ ಮೋಷನ್-ಜೆಪಿಇಜಿ ಆರಿಸಬೇಕು. ಎಷ್ಟೋ ಸಲ ಹೊಸ ಕ್ಯಾಮೆರಾ ವಾಪಸ್ ಕೊಡುವ ಬದಲು ಇಷ್ಟು ಮಾಡಿದರೆ ಸಾಕಾಗಿರುತ್ತದೆ.

ಅಂಗಡಿಯಲ್ಲೇ ಪರೀಕ್ಷೆ

ಸ್ವಂತ ಲ್ಯಾಪ್‌ಟಾಪ್ ಒಯ್ಯಿರಿ. ಡೆಸ್ಕ್‌ಟಾಪ್ ಇದ್ದವರಿಗೆ ಯಾರದಾದರೂ ಲ್ಯಾಪ್‌ಟಾಪು, 8 ಜಿಬಿ ಪೆನ್‌ಡ್ರೈವ್‌ನಲ್ಲಿ ಹಾಕಿದ ಲೈವ್ ಮಿಂಟ್ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಸಾಕು. ಮನೆಯಿಂದ ಹೊರಡುವಾಗಲೇ ವಿ4ಎಲ್-ಯುಟಿಲ್ಸ್ (ಕ್ಯಾಮೆರಾ ಪರೀಕ್ಷಿಸುವ ಕಮಾಂಡ್‌ಗಳು) ಮತ್ತು ಜಿಯುವಿಸಿವ್ಯೂ (ಚಿತ್ರ ನೋಡಿ ತಿದ್ದುವ ಕಿಟಕಿ) ಎಂಬ ಎರಡು ಪ್ಯಾಕೇಜ್ ಹಾಕಿಕೊಂಡಿರಿ. ಲೈವ್ ಪೆನ್‌ಡ್ರೈವ್ ಆದರೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅಲ್ಲಿಯೇ ಹಾಕಬೇಕಾಗುತ್ತದೆ.

ಕ್ಯಾಮೆರಾ ಚುಚ್ಚಿ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಟಿ ಒತ್ತಿ. ಸಾಧನಗಳ ಪಟ್ಟಿಯಲ್ಲಿ ‘ಕ್ಲಾಸ್=ವಿಡಿಯೋ, ಡ್ರೈವರ್=ಯುವಿಸಿವಿಡಿಯೋ’ ಎಂದು ಕಂಡರೆ ಅರ್ಧ ಕೆಲಸ ಮುಗಿಯಿತು. ಸಾಲಿನ ಕೊನೆಯಲ್ಲಿ 480ಎಂ ಇದ್ದರೆ ಯುಎಸ್‌ಬಿ 2.0, 5000ಎಂ ಇದ್ದರೆ 3.0. ಡ್ರೈವರ್ ಎಂಬುದರ ಮುಂದೆ ಖಾಲಿ ಇದ್ದರೆ ಆ ಕ್ಯಾಮೆರಾ ಅಲ್ಲೇ ಬಿಟ್ಟು ಬನ್ನಿ.

ಮುಂದಿನದು ವಿ4ಎಲ್2-ಸಿಟಿಎಲ್ ಕಮಾಂಡ್. ಅದಕ್ಕೆ ‘ಲಿಸ್ಟ್-ಫಾರ್ಮ್ಯಾಟ್ಸ್-ಇಎಕ್ಸ್‌ಟಿ’ ಎಂಬ ಆಯ್ಕೆ ಕೊಟ್ಟರೆ ಯಾವ ಬಗೆಯಲ್ಲಿ, ಯಾವ ಅಳತೆಗೆ, ಎಷ್ಟು ಫ್ರೇಮ್ ಎಂಬ ಪೂರ್ತಿ ಪಟ್ಟಿ ಸುರಿಯುತ್ತದೆ. ಎಂಜೆಪಿಜಿ ಎಂಬ ತಲೆಬರಹದ ಕೆಳಗೆ 1280×720 ಮುಂದೆ 30 ಇರಲೇಬೇಕು, 1080ಪಿ ಎಂದು ಮಾರುತ್ತಿದ್ದರೆ 1920×1080 ಮುಂದೆಯೂ 30 ಇರಬೇಕು. ಡಬ್ಬಿಗಿಂತ ಈ ಪಟ್ಟಿ ದೊಡ್ಡ ಸಾಕ್ಷಿ. ಅದೇ ಕಮಾಂಡಿಗೆ ‘ಲಿಸ್ಟ್-ಸಿಟಿಆರ್‌ಎಲ್‌ಎಸ್’ ಕೊಟ್ಟರೆ ನೀವು ತಿದ್ದಬಹುದಾದ ಗುಂಡಿಗಳೆಲ್ಲ ಕಾಣುತ್ತವೆ. ಪವರ್ ಲೈನ್ ಫ್ರೀಕ್ವೆನ್ಸಿ (ದೀಪದ ಮಿನುಗಿಗೆ ಹೊಂದಿಸುವುದು), ಎಕ್ಸ್‌ಪೋಷರ್ (ಎಷ್ಟು ಹೊತ್ತು ಬೆಳಕು ಹಿಡಿಯಬೇಕು ಎಂಬುದು), ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ತಿದ್ದುವುದು) ಈ ಮೂರು ಇರಲಿ. ಆಟೋಫೋಕಸ್ ಎಂದು ಹೇಳಿ ಮಾರುತ್ತಿದ್ದರೆ ಫೋಕಸ್ ಎಂಬುದೂ ಇರಬೇಕು.

ಪಟ್ಟಿಯೂ ಸುಳ್ಳು ಹೇಳುವ ಸಂದರ್ಭ ಒಂದಿದೆ. ಒಳಗಿನ ಸೆನ್ಸರ್ 480ಪಿಯದ್ದೇ ಇದ್ದು, ಚಿತ್ರವನ್ನು ಎಳೆದು ದೊಡ್ಡದು ಮಾಡಿ 1080ಪಿ ಎಂದು ಕಳಿಸುವ ಅಗ್ಗದ ಮಾಲು ಪೇಟೆಯಲ್ಲಿ ಇದೆ. ಇಂಟರ್‌ಪೋಲೇಟೆಡ್ ಎಂದು ಮೂಲೆಯಲ್ಲಿ ಸಣ್ಣಗೆ ಬರೆದಿರುತ್ತಾರೆ. 720ಪಿ ಎಂದರೆ ಒಂದು ಮೆಗಾಪಿಕ್ಸೆಲ್‌ಗೂ ತುಸು ಕಡಿಮೆ, 1080ಪಿ ಎಂದರೆ ಎರಡು. ಆದ್ದರಿಂದ ಕೆಲವೇ ನೂರು ರೂಪಾಯಿಯ ಕ್ಯಾಮೆರಾದ ಮೇಲೆ 25 ಮೆಗಾಪಿಕ್ಸೆಲ್ ಎಂದು ಕಂಡರೆ ನಕ್ಕು ಮುಂದೆ ಹೋಗಿ. ಅನುಮಾನವಿದ್ದರೆ ಜಿಯುವಿಸಿವ್ಯೂ ತೆರೆದು, ಎರಡು ಅಡಿ ದೂರದಲ್ಲಿ ದಿನಪತ್ರಿಕೆ ಹಿಡಿದು, 480ಪಿಯಲ್ಲೊಂದು, 1080ಪಿಯಲ್ಲೊಂದು ಚಿತ್ರ ತೆಗೆಯಿರಿ. ಅಕ್ಷರದ ಒತ್ತು, ದೀರ್ಘ ಎರಡರಲ್ಲೂ ಒಂದೇ ರೀತಿ ಮಸುಕಾಗಿದ್ದರೆ ಸೆನ್ಸರ್ ಚಿಕ್ಕದು. ಜಿಯುವಿಸಿವ್ಯೂ ಕಿಟಕಿಯ ತಲೆಪಟ್ಟಿಯಲ್ಲಿ ನಿಜವಾಗಿ ಬರುತ್ತಿರುವ ಫ್ರೇಮ್ ಸಂಖ್ಯೆಯೂ ಕಾಣುತ್ತದೆ. ಅದನ್ನೂ ನೋಡಿಕೊಳ್ಳಿ.

ಯಾರಿಗೆ ಯಾವುದು

ಮೀಟಿಂಗ್, ಆನ್‌ಲೈನ್ ಸಂದರ್ಶನ, ಕುಳಿತು ಮಾತಾಡುವ ಪಾಠ ಇಷ್ಟೇ ಇದ್ದರೆ 720ಪಿ, ಸ್ಥಿರ ಫೋಕಸ್‌ನ ಕ್ಯಾಮೆರಾ ಸಾಕು. ಲಾಜಿಟೆಕ್ ಸಿ270 ಈ ವರ್ಗದ ಹಳೆಯ ಹುಲಿ, ಲಿನಕ್ಸ್‌ನಲ್ಲಿ ತಕರಾರಿಲ್ಲದೆ ನಡೆಯುತ್ತದೆ. ಮೀಟಿಂಗ್ ಆ್ಯಪ್‌ಗಳು ಹೇಗೂ ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತವೆ, ಹೆಚ್ಚಿನ ಸಲ 720ಪಿ ದಾಟುವುದಿಲ್ಲ. ಸಿ270ರ ನೋಟದ ಕೋನ 55 ಡಿಗ್ರಿ, ಒಬ್ಬರ ಮುಖ, ಹೆಗಲು ಬರೋಬ್ಬರಿ ಕೂರುತ್ತದೆ. ಸ್ಥಿರ ಫೋಕಸ್ ಆದ್ದರಿಂದ ಹತ್ತಿರ ಹಿಡಿದ ಕಾಗದ ಮಸುಕಾಗುತ್ತದೆ. ಇದೇ ಜಾತಿಯ 1080ಪಿ ಎಂದರೆ ಲಾಜಿಟೆಕ್‌ನದೇ ಬ್ರಿಯೋ 100. ಇದೂ ಸ್ಥಿರ ಫೋಕಸ್, ಕೋನ 58 ಡಿಗ್ರಿ, ಮುಚ್ಚಳವೊಂದು ಹೆಚ್ಚು. ಎರಡರ ನಡುವೆ ಬೆಲೆಯ ಅಂತರ ದೊಡ್ಡದಿದ್ದರೆ ಸಿ270 ತಗೊಂಡು ಉಳಿದ ದುಡ್ಡಿನಲ್ಲಿ ಟೇಬಲ್ ದೀಪ ಕೊಳ್ಳುವುದು ಜಾಣತನ. ಮುಖಕ್ಕೆ ಬೆಳಕು ಬಿದ್ದ 720ಪಿಯ ಮುಂದೆ ಕತ್ತಲ ಕೋಣೆಯ 1080ಪಿ ಸೋಲುತ್ತದೆ.

ಧಾರವಾಡದ ಹೈಕೋರ್ಟ್ ಪೀಠಕ್ಕೆ ಗದಗ, ಹಾವೇರಿಯಿಂದ ವಿಡಿಯೋ ಮೂಲಕ ಹಾಜರಾಗುವ ವಕೀಲರಿಗೂ ಇದೇ ವರ್ಗ ಸಾಕು. ಅವರು ಖರ್ಚು ಮಾಡಬೇಕಾದದ್ದು ಧ್ವನಿಗೆ. ಕಾಗದಪತ್ರ ತೋರಿಸಬೇಕಾದರೆ ಕ್ಯಾಮೆರಾಗೆ ಹಿಡಿಯುವುದಕ್ಕಿಂತ ಸ್ಕ್ರೀನ್ ಹಂಚಿಕೊಳ್ಳುವುದೇ ಲೇಸು.

ಬೋರ್ಡ್ ಮುಂದೆ ನಿಂತು ಪಾಠ ಮಾಡುವ ಧಾರವಾಡದ ಕೋಚಿಂಗ್ ಶಿಕ್ಷಕರ ಅಗತ್ಯ ಬೇರೆ. ಇಲ್ಲಿ 1080ಪಿ ಬೇಕೇ ಬೇಕು, ಕೋನವೂ ಅಗಲ ಇರಬೇಕು. ಲಾಜಿಟೆಕ್ ಸಿ920 ಮಾದರಿಯ ಕೋನ 78 ಡಿಗ್ರಿ, ಸಿ930ಇ ಮಾದರಿಯದು 90. ಇವುಗಳಲ್ಲಿ ಆಟೋಫೋಕಸ್ ಇದೆ. ಅದೇ ಇಲ್ಲಿ ಕಾಟ ಕೊಡುವುದೂ ಹೌದು: ಶಿಕ್ಷಕರು ಬೋರ್ಡ್ ಬಿಟ್ಟು ಈಚೆ ಬಂದಾಗೆಲ್ಲ ಕ್ಯಾಮೆರಾ ಹೊಸದಾಗಿ ಫೋಕಸ್ ಹುಡುಕುತ್ತದೆ, ಅಷ್ಟು ಹೊತ್ತು ಬರಹ ಮಸುಕು. ಪಾಠ ಶುರುವಾಗುವ ಮುಂಚೆ ಜಿಯುವಿಸಿವ್ಯೂನಲ್ಲಿ ನಿರಂತರ ಆಟೋಫೋಕಸ್ ಬಂದ್ ಮಾಡಿ, ಬೋರ್ಡ್ ಮೇಲಿನ ಅಕ್ಷರ ಚೂಪಾಗುವವರೆಗೆ ಫೋಕಸ್ ಪಟ್ಟಿಯನ್ನು ಕೈಯಿಂದ ಸರಿಸಿ ಬಿಟ್ಟುಬಿಡಿ. ಈ ಗುಂಡಿ ಲಿನಕ್ಸ್‌ನಲ್ಲಿ ಕಾಣುವುದೇ ಸಿ920 ವರ್ಗಕ್ಕೆ ಹೆಚ್ಚು ದುಡ್ಡು ಕೊಡಲು ಇರುವ ದೊಡ್ಡ ಕಾರಣ.

ಬೆಟಗೇರಿಯ ಸೀರೆ ಅಂಗಡಿಯವರು, ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಗಳು ವಿಡಿಯೋದಲ್ಲಿ ಮಾಲು ತೋರಿಸುವಾಗ ಬಣ್ಣವೇ ವ್ಯವಹಾರ. ಫ್ರೇಮ್ ತುಂಬ ಕೆಂಪು ತುಂಬಿದರೆ ಆಟೋ ವೈಟ್ ಬ್ಯಾಲೆನ್ಸ್ ದಾರಿ ತಪ್ಪುತ್ತದೆ. ಬೆಳಕೇ ಕೆಂಪಿದೆ ಎಂದುಕೊಂಡು ಬಣ್ಣವನ್ನು ನೀಲಿ ಕಡೆಗೆ ಎಳೆಯುತ್ತದೆ, ಕಡುಗೆಂಪು ಕಾಯಿ ಕಂದಿದಂತೆ ಕಾಣುತ್ತದೆ. ವಿ4ಎಲ್2-ಸಿಟಿಎಲ್‌ನಿಂದ ವೈಟ್ ಬ್ಯಾಲೆನ್ಸ್ ಆಟೋಮ್ಯಾಟಿಕ್ ಎಂಬುದನ್ನು 0 (ಅಂದರೆ ಬಂದ್) ಮಾಡಿ, ಒಂದು ಬಿಳಿ ಹಾಳೆ ಇಟ್ಟು, ಅದು ಬಿಳಿಯಾಗಿ ಕಾಣುವವರೆಗೆ ಟೆಂಪರೇಚರ್ ಸರಿಸಿ. ಬಿಳಿ ಎಲ್‌ಇಡಿ ಪಟ್ಟಿಯ ಕೆಳಗೆ 6,000ದ ಆಸುಪಾಸು, ಹಳದಿ ಬಲ್ಬ್ ಆದರೆ 3,000ದ ಹತ್ತಿರ ನಿಲ್ಲುತ್ತದೆ. ಸ್ಯಾಚುರೇಷನ್ ಎರಡು ಮೂರು ಹೆಜ್ಜೆ ಇಳಿಸಿದರೆ ಕೆಂಪು ಒಂದೇ ಮುದ್ದೆಯಾಗುವುದು ತಪ್ಪಿ ಜರಿಯ ಎಳೆ, ಕಾಯಿಯ ಸುಕ್ಕು ಕಾಣುತ್ತವೆ. ಈ ಕೆಲಸಕ್ಕೂ ಆಟೋಫೋಕಸ್ ಇರುವುದನ್ನೇ ಕೊಳ್ಳಿ, ಮಾಲನ್ನು ಹತ್ತಿರ ಹಿಡಿಯಲೇಬೇಕಲ್ಲ.

4ಕೆ, ಮುಖ ಹಿಂಬಾಲಿಸುವ ಕ್ಯಾಮೆರಾಗಳ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ರೆಕಾರ್ಡಿಂಗ್ ಮಾಡದವರಿಗೆ ದಂಡ. ಚಿತ್ರ ಲಿನಕ್ಸ್‌ನಲ್ಲಿ ಬರುತ್ತದೆ, ಆದರೆ ಹಿಂಬಾಲಿಸುವುದು, ಫರ್ಮ್‌ವೇರ್ ಅಪ್‌ಡೇಟ್, ಬಣ್ಣದ ಪ್ರೊಫೈಲ್ ಇವೆಲ್ಲ ಸಾಮಾನ್ಯವಾಗಿ ವಿಂಡೋಸ್, ಮ್ಯಾಕ್ ಆ್ಯಪ್‌ನೊಳಗೆ ಕೂತಿರುತ್ತವೆ. ಕೊಟ್ಟ ದುಡ್ಡಿನ ಅರ್ಧ ಬಾಗಿಲಾಚೆ ಉಳಿದಂತೆ.

ಹೆಸರಿಲ್ಲದ ಅಗ್ಗದ ಕ್ಯಾಮೆರಾಗಳನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಶಾಲೆಯ ಲ್ಯಾಬ್‌ಗೆ ಹತ್ತು ಹನ್ನೆರಡು ಬೇಕಾದಾಗ ಬಜೆಟ್ ಮಾತಾಡುತ್ತದೆ. ಮೊದಲು ಒಂದೇ ಒಂದು ತಂದು ಮೇಲಿನ ಪರೀಕ್ಷೆ ಮಾಡಿ, ಉಳಿದವು ಅದೇ ಲಾಟಿನವು ಬರಬೇಕೆಂದು ಬಿಲ್‌ನಲ್ಲಿ ಬರೆಸಿ. ಒಂದೇ ಡಬ್ಬಿಯೊಳಗೆ ಬೇರೆ ಬೇರೆ ಚಿಪ್ ಬರುವುದು ಈ ವರ್ಗದಲ್ಲಿ ಮಾಮೂಲು.

ಮನೆಯಲ್ಲಿರುವುದೇ ಆದೀತೇ?

ಒಳ್ಳೆಯ ಮೊಬೈಲಿನ ಕ್ಯಾಮೆರಾ ಯಾವ ವೆಬ್‌ಕ್ಯಾಮ್‌ಗಿಂತಲೂ ಮೇಲು. ಆಂಡ್ರಾಯ್ಡ್ 14 ಇರುವ ಕೆಲವು ಫೋನ್‌ಗಳಲ್ಲಿ ಯುಎಸ್‌ಬಿ ಹಚ್ಚಿದಾಗ ‘ವೆಬ್‌ಕ್ಯಾಮ್’ ಎಂಬ ಆಯ್ಕೆಯೇ ಬರುತ್ತದೆ. ಆಗ ಫೋನು ನೇರ ಯುವಿಸಿ ಕ್ಯಾಮೆರಾ ಆಗಿಬಿಡುತ್ತದೆ, ಲಿನಕ್ಸ್‌ನಲ್ಲಿ ಏನೂ ಹಾಕಬೇಕಿಲ್ಲ. ಆ ಆಯ್ಕೆ ಇಲ್ಲದಿದ್ದರೆ ಆಂಡ್ರಾಯ್ಡ್ 12 ಅಥವಾ ಮೇಲಿನದಕ್ಕೆ ಎಸ್‌ಸಿಆರ್‌ಸಿಪಿವೈ ಪ್ರೋಗ್ರಾಮಿನ 2.2 ಅಥವಾ ನಂತರದ ಆವೃತ್ತಿ, ಜೊತೆಗೆ ವಿ4ಎಲ್2-ಲೂಪ್‌ಬ್ಯಾಕ್ ಎಂಬ ಕರ್ನಲ್ ಮಾಡ್ಯೂಲ್ ಬೇಕು. ಎರಡು ಕಡೆ ಎಡವುತ್ತಾರೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಪ್ಯಾಕೇಜ್ ಹಾಕುವಾಗ ಕೇಳುವ ಪಾಸ್‌ವರ್ಡನ್ನು ನೆನಪಿಟ್ಟು, ಮುಂದಿನ ಬೂಟ್‌ನ ನೀಲಿ ಪರದೆಯಲ್ಲಿ ಕೀಲಿಯನ್ನು ಒಪ್ಪಿಸಬೇಕು. ಎರಡನೆಯದು, ಮಾಡ್ಯೂಲ್ ಲೋಡ್ ಮಾಡುವಾಗ ಎಕ್ಸ್‌ಕ್ಲೂಸಿವ್ ಕ್ಯಾಪ್ಸ್ ಎಂಬುದನ್ನು 1 ಮಾಡದಿದ್ದರೆ ಕ್ರೋಮ್‌ಗೆ ಆ ಕ್ಯಾಮೆರಾ ಕಾಣುವುದೇ ಇಲ್ಲ. ದಿನಕ್ಕೆ ನಾಲ್ಕು ತಾಸು ಪಾಠವಿದ್ದರೆ ಫೋನು ಬಿಸಿಯಾಗುತ್ತದೆ, ನಡುವೆ ಕರೆಯೂ ಬರುತ್ತದೆ. ಅಪರೂಪದ ಕೆಲಸಕ್ಕೆ ಮಾತ್ರ ಈ ದಾರಿ.

ಡಿಎಸ್‌ಎಲ್‌ಆರ್ ಇರುವ ಸ್ಟುಡಿಯೋದವರು ಎಚ್‌ಡಿಎಂಐ ಕ್ಯಾಪ್ಚರ್ ಡಾಂಗಲ್ ಹಚ್ಚಬಹುದು. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವ ಎಂಎಸ್2109 ಚಿಪ್ ಯುವಿಸಿಯೇ, ಎಂಜೆಪಿಇಜಿಯಲ್ಲಿ 1080ಪಿ 30 ಫ್ರೇಮ್ ಕೊಡುತ್ತದೆ. ಕ್ಯಾಮೆರಾದ ಎಚ್‌ಡಿಎಂಐನಲ್ಲಿ ಅಕ್ಷರ, ಚೌಕಟ್ಟು ಇಲ್ಲದ ಚಿತ್ರ ಬರುತ್ತದೆಯೇ ಎಂದು ಮೊದಲು ಟಿವಿಗೆ ಹಚ್ಚಿ ನೋಡಿ.

ಲ್ಯಾಪ್‌ಟಾಪಿನ ಸ್ವಂತ ಕ್ಯಾಮೆರಾ ಹಳೆಯದಾದರೆ ಬಹುತೇಕ ಯುವಿಸಿ. ಕಾಣದಿದ್ದರೆ ಕೀಬೋರ್ಡಿನ ಕ್ಯಾಮೆರಾ ಗುಂಡಿ, ಬಯೋಸ್ ಸೆಟ್ಟಿಂಗ್ ಮೊದಲು ನೋಡಿ. ಈಚಿನ ಕೆಲವು ತೆಳು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾ ಯುಎಸ್‌ಬಿಗೆ ಸೇರಿರುವುದೇ ಇಲ್ಲ, ಐಪಿಯು6 ಎಂಬ ಪ್ರತ್ಯೇಕ ಘಟಕಕ್ಕೆ ಸೇರಿರುತ್ತದೆ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಆ ಹೆಸರು ಕಂಡರೆ ವಿಷಯ ಖಾತ್ರಿ. ಇದರ ಮೂಲ ಡ್ರೈವರ್ ಕರ್ನಲ್ 6.10ರಲ್ಲಿ, ಅಂದರೆ 2024ರಲ್ಲಿ ಸೇರಿತು. ಅದಾದ ಮೇಲೂ ಲಿಬ್‌ಕ್ಯಾಮೆರಾ ಎಂಬ ತಂತ್ರಾಂಶ ಮತ್ತು ನಿಮ್ಮ ಮಾದರಿಯ ಸೆನ್ಸರ್‌ಗೆ ಬೆಂಬಲ ಎರಡೂ ಕೂಡಿ ಬರಬೇಕು. ನಾಳೆಯೇ ಸಂದರ್ಶನ ಇದ್ದರೆ ಅದರ ಬೆನ್ನು ಹತ್ತಬೇಡಿ, ಯುಎಸ್‌ಬಿ ಕ್ಯಾಮೆರಾ ಕೊಳ್ಳಿ.

ಪಟ್ಟಿ ಪಟ್ಟಿ ಓಡುವ ಚಿತ್ರ

ಹೆಸ್ಕಾಂ ಕರೆಂಟು 50 ಹರ್ಟ್ಸ್, ದೇಶದೆಲ್ಲೆಡೆಯಂತೆ. ಆ ಕರೆಂಟಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾ 60 ಹರ್ಟ್ಸ್‌ಗೆ ಹೊಂದಿಕೊಂಡಿದ್ದರೆ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ಓಡುತ್ತವೆ. ಪವರ್ ಲೈನ್ ಫ್ರೀಕ್ವೆನ್ಸಿಯನ್ನು 1 ಮಾಡಿ. 1 ಎಂದರೆ 50, 2 ಎಂದರೆ 60, 0 ಎಂದರೆ ಬಂದ್. ಅಷ್ಟಕ್ಕೂ ನಿಲ್ಲದಿದ್ದರೆ ಆಟೋ ಎಕ್ಸ್‌ಪೋಷರನ್ನು 1 ಮಾಡಿ, ಅಂದರೆ ಕೈಹಿಡಿತಕ್ಕೆ ತಂದು, ಎಕ್ಸ್‌ಪೋಷರ್ ಟೈಮ್ ಅನ್ನು 100, 200 ಅಥವಾ 300 ಇಡಿ. ಇದರ ಒಂದು ಅಂಕ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ, ಹಾಗಾಗಿ 100 ಎಂದರೆ ದೀಪದ ಸರಿಯಾಗಿ ಒಂದು ಮಿನುಗು.

ಸಂಜೆಯಾದ ಮೇಲೆ ಚಿತ್ರ ಎಳೆದೆಳೆದು ಬರುತ್ತದೆಯೇ? ಬೆಳಕು ಸಾಲದೆ ಕ್ಯಾಮೆರಾ ತಾನೇ ಫ್ರೇಮ್ ಇಳಿಸಿಕೊಂಡಿದೆ. ಎಕ್ಸ್‌ಪೋಷರ್ ಡೈನಾಮಿಕ್ ಫ್ರೇಮ್‌ರೇಟ್ ಎಂಬುದನ್ನು 0 ಮಾಡಿದರೆ 30 ಫ್ರೇಮ್ ಉಳಿಯುತ್ತದೆ, ಚಿತ್ರ ತುಸು ಕಪ್ಪಾಗುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಇದರ ಹೆಸರು ಎಕ್ಸ್‌ಪೋಷರ್ ಆಟೋ ಪ್ರಯಾರಿಟಿ.

ಈ ತಿದ್ದುಪಡಿಗಳೆಲ್ಲ ಸಾಮಾನ್ಯವಾಗಿ ಕ್ಯಾಮೆರಾ ಕಿತ್ತ ಕೂಡಲೇ ಅಳಿಸುತ್ತವೆ. ಉಳಿಯಬೇಕೆಂದರೆ ಇಟಿಸಿ ಫೋಲ್ಡರಿನೊಳಗಿನ ಯುಡೆವ್ ರೂಲ್ಸ್‌ನಲ್ಲಿ (ಸಾಧನ ಚುಚ್ಚಿದಾಗ ಏನಾಗಬೇಕೆಂದು ಬರೆದಿಡುವ ಕಡತ) ನಿಮ್ಮ ಕ್ಯಾಮೆರಾದ ವೆಂಡರ್, ಪ್ರಾಡಕ್ಟ್ ಸಂಖ್ಯೆ ಹಾಕಿ, ಚುಚ್ಚಿದಾಗೆಲ್ಲ ವಿ4ಎಲ್2-ಸಿಟಿಎಲ್ ಓಡುವಂತೆ ಒಂದು ಸಾಲು ಬರೆಯಿರಿ. ಸಂಖ್ಯೆ ‘ಅಡ್ಡಗೆರೆ ಟಿ’ ಇಲ್ಲದ ಬರೀ ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಸಿಗುತ್ತದೆ, ಲಾಜಿಟೆಕ್‌ನ ವೆಂಡರ್ ಸಂಖ್ಯೆ 046ಡಿ.

ಇನ್ನುಳಿದ ತಕರಾರುಗಳು

ಒಂದು ಕ್ಯಾಮೆರಾಗೆ ವಿಡಿಯೋ0, ವಿಡಿಯೋ1 ಎಂದು ಎರಡು ಹೆಸರು ಕಂಡರೆ ಗಾಬರಿ ಬೇಡ. ಕರ್ನಲ್ 4.16ರಿಂದ ಎರಡನೆಯದು ಮೆಟಾಡೇಟಾಗೆ (ಚಿತ್ರದ ಬಗೆಗಿನ ಮಾಹಿತಿಗೆ), ಅದರಲ್ಲಿ ಚಿತ್ರ ಬರುವುದಿಲ್ಲ. ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂದರೆ ಇನ್ನೊಂದು ಪ್ರೋಗ್ರಾಮು, ಬಹಳ ಸಲ ಮರೆತು ಬಿಟ್ಟ ಬ್ರೌಸರ್ ಟ್ಯಾಬ್, ಕ್ಯಾಮೆರಾ ಹಿಡಿದಿದೆ. ಎರಡು ಕ್ಯಾಮೆರಾ ಹಚ್ಚಿದಾಗ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಬಂದರೆ ಹಾರ್ಡ್ ಡಿಸ್ಕ್ ಖಾಲಿ ಮಾಡಲು ಹೋಗಬೇಡಿ. ತುಂಬಿರುವುದು ಯುಎಸ್‌ಬಿಯ ದಾರಿ. ಒಂದೇ ಹಬ್‌ನಿಂದ ತೆಗೆದು ಬೇರೆ ಬೇರೆ ಕಂಟ್ರೋಲರ್‌ನ ಪೋರ್ಟ್‌ಗೆ ಹಚ್ಚಿ, ಎರಡನ್ನೂ ಎಂಜೆಪಿಇಜಿಗೆ ತನ್ನಿ. ಬೋರ್ಡ್‌ವರೆಗೆ ತಂತಿ ಎಳೆಯುವವರು ನೆನಪಿಡಿ, ಯುಎಸ್‌ಬಿ 2.0 ತಂತಿಯ ಮಿತಿ 5 ಮೀಟರ್. ಅದಕ್ಕಿಂತ ಉದ್ದಕ್ಕೆ ರಿಪೀಟರ್ ಇರುವ ಆ್ಯಕ್ಟಿವ್ ಕೇಬಲ್ ಬೇಕು. ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಆಗಿ ಹಾಕಿದ ಆ್ಯಪ್‌ನಲ್ಲಿ ಮಾತ್ರ ಕ್ಯಾಮೆರಾ ಕಾಣದಿದ್ದರೆ ಅದರ ಪರ್ಮಿಷನ್ ನೋಡಿ.

ಧ್ವನಿಯ ಮಾತು. ಯುಎಸ್‌ಬಿಯೊಳಗೇ ಮೈಕ್ ಇರುವ ಕ್ಯಾಮೆರಾಗೆ ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ ಬೇಡ. ಮೈಕ್‌ಗೆಂದು 3.5 ಎಂಎಂ ಪಿನ್ನು ಪ್ರತ್ಯೇಕ ಇರುವ ಹಳೆ ಮಾದರಿಯನ್ನು ಒಂದೇ ಜ್ಯಾಕ್ ಇರುವ ಲ್ಯಾಪ್‌ಟಾಪಿಗೆ ಹಚ್ಚಲು ಸ್ಪ್ಲಿಟರ್ ಬೇಕಾಗುತ್ತದೆ. ಆನ್‌ಲೈನ್‌ನಲ್ಲಿ ಸಂಗೀತ ಕಲಿಸುವವರಿಗೆ ಕ್ಯಾಮೆರಾ ಮೈಕ್ ಯಾವುದೂ ಆಗದು. ಮೇಲಾಗಿ ಮೀಟಿಂಗ್ ಆ್ಯಪ್‌ನ ನಾಯ್ಸ್ ಸಪ್ರೆಷನ್ ತಂಬೂರಿಯ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ನುಂಗಿಹಾಕುತ್ತದೆ. ಆ ಸಪ್ರೆಷನ್ ಬಂದ್ ಮಾಡಿ, ಝೂಮ್ ಆದರೆ ಒರಿಜಿನಲ್ ಸೌಂಡ್ ಆಯ್ಕೆ ಹಾಕಿ, ಬೇರೆಯೇ ಯುಎಸ್‌ಬಿ ಮೈಕ್ ಇಟ್ಟುಕೊಳ್ಳಿ.

ಕೊಳ್ಳುವಾಗ ಬಿಲ್‌ನಲ್ಲಿ ‘ವೆಬ್‌ಕ್ಯಾಮ್ 1’ ಎಂದಷ್ಟೇ ಬರೆದರೆ ಒಪ್ಪಬೇಡಿ, ಮಾದರಿಯ ಪೂರ್ತಿ ಹೆಸರು, ಸೀರಿಯಲ್ ನಂಬರ್ ಇರಲಿ. ಒಂದೇ ಹೆಸರಿನಲ್ಲೂ ಒಳಗಿನ ಸರಕು ಬದಲಾಗುತ್ತದೆ: ಮೊದಲ ಸಿ920ಗಳಲ್ಲಿ ಎಚ್.264 ಎನ್‌ಕೋಡರ್ ಕ್ಯಾಮೆರಾದೊಳಗೇ ಇತ್ತು, ನಂತರದವುಗಳಲ್ಲಿ ತೆಗೆದುಹಾಕಿದರು. ಹಳೆಯ ವಿಮರ್ಶೆ ಓದಿ ಅದಕ್ಕೆಂದೇ ಹೊಸದು ಕೊಳ್ಳುವವರು ಫಾರ್ಮ್ಯಾಟ್ ಪಟ್ಟಿ ನೋಡಿಯೇ ದುಡ್ಡು ಎಣಿಸಲಿ.